ಶುಗರ್ ನಂಬರ್ ಎಲ್ರಿಗೂ ಗೊತ್ತು, ವಸಡಿನ ನಂಬರ್ ಯಾರಿಗೆ ಗೊತ್ತು?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಸಕ್ಕರೆ ಕಾಯಿಲೆ ಬಗ್ಗೆ ಅರ್ಧ ಪುಟ ಬಂದಿತ್ತು. ಕಣ್ಣು ಚೆಕ್ ಮಾಡಿಸ್ಕೊಳ್ಳಿ, ಕಿಡ್ನಿ ನೋಡಿಸ್ಕೊಳ್ಳಿ, ಕಾಲಿಗೆ ಗಾಯ ಆಗದ ಹಾಗೆ ಜೋಪಾನ ಅಂತ ಎಲ್ಲಾ ಚೆನ್ನಾಗೇ ಬರೆದಿದ್ರು, ಆದ್ರೆ ಬಾಯಿ ಬಗ್ಗೆ ಒಂದೇ ಒಂದು ಸಾಲು ಇರ್ಲಿಲ್ಲ. ಓದಿ ಸುಮ್ನಿರೋಕೆ ಆಗ್ಲಿಲ್ಲ, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿ ಶಾಲೇಲಿ ಟೀಚರ್, ವಯಸ್ಸು 47. ಬ್ರಷ್ ಮಾಡುವಾಗ ವಸಡಲ್ಲಿ ರಕ್ತ ಬರೋಕೆ ಶುರುವಾಗಿ ಏಳೆಂಟು ವರ್ಷಾನೇ ಆಗಿತ್ತು. ಬೆಳಿಗ್ಗೆ ಉಗುಳಿದ್ರೆ ನೊರೆ ತಿಳಿ ಗುಲಾಬಿ ಬಣ್ಣಕ್ಕಿರೋದು. ಮನೇಲಿ ಹೇಳಿದ್ರೆ ಉಷ್ಣ ಆಗಿದೆ ಎಳನೀರು ಕುಡಿ, ಮೆಂತ್ಯ ನೆನೆಸಿ ಕುಡಿ, ಕಾಫಿ ಕಮ್ಮಿ ಮಾಡು ಅನ್ನೋರು. ಸ್ಟಾಫ್ ರೂಮಲ್ಲಿ ಹೇಳಿದ್ರೆ ನಂಗೂ ಬರುತ್ತೆ ಮೇಡಂ ಅದೇನ್ ದೊಡ್ಡ ವಿಷ್ಯ ಅನ್ನೋರು. ನೋವಿಲ್ಲ, ಊತ ಇಲ್ಲ, ಹಲ್ಲಲ್ಲಿ ಹುಳುಕಿಲ್ಲ, ಊಟಕ್ಕೆ ತೊಂದ್ರೆ ಇಲ್ಲ, ಹಾಗಾಗಿ ನಾನೂ ಬಿಟ್ಬಿಟ್ಟೆ. ಬಿಟ್ಟಿದ್ದು ಮಾತ್ರ ಅಲ್ಲ, ರಕ್ತ ಬರೋ ಜಾಗಕ್ಕೆ ಬ್ರಷ್ ಮುಟ್ಟಿಸೋದನ್ನೇ ಕಮ್ಮಿ ಮಾಡಿದ್ದೆ, ಅಲ್ಲಿ ಗಾಯ ಆಗಿದೆ ಉಜ್ಜಿದ್ರೆ ಜಾಸ್ತಿ ಆಗುತ್ತೆ ಅಂತ. ನಿಜ ಏನಂದ್ರೆ ಉಜ್ಜದೇ ಇರೋದಕ್ಕೇ ಅಲ್ಲಿ ರಕ್ತ ಬರ್ತಿದ್ದಿದ್ದು, ಇದು ತಿಳಿಯೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು.

ಹಲ್ಲಿನ ಮೇಲೆ ದಿನಾ ಒಂದು ತೆಳ್ಳನೆ ಲೋಳೆ ಕಟ್ಟುತ್ತೆ, ಅದಕ್ಕೆ ಪ್ಲಾಕ್ ಅಂತಾರೆ, ಪೂರ್ತಿ ಬ್ಯಾಕ್ಟೀರಿಯಾನೇ. ಉಜ್ಜಿದ್ರೆ ಹೋಗುತ್ತೆ. ಉಜ್ಜದೇ ಎರಡು ಮೂರು ದಿನ ಬಿಟ್ರೆ ಎಂಜಲಲ್ಲಿರೋ ಕ್ಯಾಲ್ಸಿಯಂ ಎಲ್ಲಾ ಸೇರ್ಕೊಂಡು ಗಟ್ಟಿ ಆಗೋಕೆ ಶುರುವಾಗುತ್ತೆ, ಅದೇ ಗಾರೆ. ಬೋರ್‌ವೆಲ್ ನೀರು ಕಾಯಿಸೋ ಹಂಡೆ ತಳದಲ್ಲಿ ಕಟ್ಟುತ್ತಲ್ಲ, ಹಾಗೇನೇ. ಹಂಡೆ ಗಾರೆ ನಾರಲ್ಲಿ ಉಜ್ಜಿದ್ರೆ ಹೋಗುತ್ತಾ? ಹೋಗಲ್ಲ, ಇದೂ ಬ್ರಷ್‌ಗೆ ಹೋಗಲ್ಲ, ಎಷ್ಟು ದುಬಾರಿ ಪೇಸ್ಟ್ ಹಾಕಿದ್ರೂ ಅಷ್ಟೇ. ಹಲ್ಲಿನ ಮೇಲೆ ಕಾಣೋ ಗಾರೆಗಿಂತ ವಸಡಿನ ಒಳಗಡೆ ಬೇರಿಗೆ ಅಂಟ್ಕೊಂಡಿರೋದು ಕೆಟ್ಟದ್ದು, ಅಲ್ಲಿ ಬ್ಯಾಕ್ಟೀರಿಯಾ ಕೂತು ವಸಡನ್ನ ಹಲ್ಲಿಂದ ಬಿಡಿಸ್ತಾ ಹೋಗುತ್ತೆ, ಒಳಗೆ ಜೇಬಿನ ತರ ಸಂದಿ ಆಗುತ್ತೆ, ಪಾಕೆಟ್ ಅಂತಾನೇ ಕರೀತಾರೆ. ಪಾಕೆಟ್ ಆಳ ಆದ ಹಾಗೆಲ್ಲಾ ಹಲ್ಲನ್ನ ಹಿಡ್ಕೊಂಡಿರೋ ಮೂಳೆ ಸವೆಯುತ್ತೆ. ಬರೀ ವಸಡು ಊದಿ ರಕ್ತ ಬರೋ ಹಂತದಲ್ಲಿ ಸರಿ ಮಾಡ್ಕೊಂಡ್ರೆ ಎಲ್ಲಾ ಮೊದಲಿನ ಹಾಗೇ ಆಗುತ್ತೆ, ಮೂಳೆ ಹೋದ್ರೆ ಮಾತ್ರ ಅದು ತಾನಾಗೇ ವಾಪಸ್ ಬೆಳೆಯಲ್ಲ, ಇರೋದನ್ನ ಉಳಿಸ್ಕೊಬೇಕು ಅಷ್ಟೇ.

ಇದೆಲ್ಲಾ ಹೊಸದಾಗಿ ಕಂಡುಹಿಡಿದಿದ್ದೂ ಅಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಅನ್ನೋ ದಂತತಜ್ಞರು 12 ಜನಕ್ಕೆ ಹಲ್ಲುಜ್ಜೋದನ್ನ ನಿಲ್ಲಿಸಿ ನೋಡಿದ್ರಂತೆ, 10ರಿಂದ 21 ದಿನದೊಳಗೆ ಎಲ್ರಿಗೂ ವಸಡು ಊದ್ಕೊಂಡಿದೆ, ಉಜ್ಜೋಕೆ ಶುರು ಮಾಡಿದ ಮೇಲೆ ಎಲ್ರಿಗೂ ವಾಸಿ ಆಗಿದೆ. ಉಷ್ಣದ ಮಾತು ಎಲ್ಲೂ ಇಲ್ಲ ನೋಡಿ. ಅವರದ್ದೇ ಇನ್ನೊಂದು ಕೆಲಸ ಇದೆ, ಅದು ನಮ್ಮ ಕಡೆಯವರು ಓದಲೇಬೇಕಾದ್ದು. ಶ್ರೀಲಂಕಾದ ಟೀ ಎಸ್ಟೇಟ್‌ನಲ್ಲಿ ಕೆಲಸ ಮಾಡ್ತಿದ್ದ 480 ತಮಿಳು ಕೂಲಿ ಕಾರ್ಮಿಕರ ಬಾಯಿನ 1970ರಿಂದ ಹದಿನೈದು ವರ್ಷ ನೋಡ್ತಾ ಬಂದ್ರು, ಯಾವತ್ತೂ ಬ್ರಷ್ ಹಿಡಿದೋರಲ್ಲ, ಹಲ್ಲಿನ ಡಾಕ್ಟರ್ ಮುಖ ನೋಡಿದೋರಲ್ಲ. ಅಷ್ಟೂ ಜನರ ಬಾಯಲ್ಲಿ ಗಾರೆ ಇತ್ತು, ಆದ್ರೆ 100ಕ್ಕೆ 8 ಜನಕ್ಕೆ ಕಾಯಿಲೆ ತುಂಬಾ ಬೇಗ ಮುಂದುವರೀತು, 81 ಜನಕ್ಕೆ ಮಧ್ಯಮ ವೇಗದಲ್ಲಿ, 11 ಜನಕ್ಕೆ ವಸಡಿನ ಊತ ಬಿಟ್ರೆ ಮುಂದಕ್ಕೆ ಹೋಗ್ಲೇ ಇಲ್ಲ. ನಮ್ಮ ತಾತ ಯಾವತ್ತೂ ಬ್ರಷ್ ಮುಟ್ಟದೆ ಎಂಬತ್ತಕ್ಕೂ ಕಡಲೆ ಅಗೀತಿದ್ರು ಅಂತ ಹೇಳ್ತಾರಲ್ಲ, ಆ ತಾತ 11ರಲ್ಲಿ ಒಬ್ಬರು. ನಾವು ಉಳಿದ 89ರಲ್ಲಿ ಇರೋ ಸಾಧ್ಯತೆನೇ ಜಾಸ್ತಿ. ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆ ಕಾಫಿ ತೋಟದ ಲೈನ್ ಮನೆಗಳಲ್ಲಿರೋರನ್ನ ನೆನೆಸ್ಕೊಳ್ಳಿ, ನಮ್ಮ ಶಾಲೆಗೆ ಬರೋ ಮಕ್ಕಳ ಅಪ್ಪ ಅಮ್ಮಂದಿರೇ ಇದಾರೆ, ನಲವತ್ತಕ್ಕೆ ಮುಂದಿನ ಹಲ್ಲು ಹೋಗಿರೋರು ಎಷ್ಟು ಜನ ಬೇಕು.

ಈಗ ನನ್ನ ಕಥೆ. ರಕ್ತ ಬರುತ್ತೆ ಅಂತ ನಾಲ್ಕು ವರ್ಷದಲ್ಲಿ ಎರಡು ಸಲ ನಮ್ಮ ಕಡೆ ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಎರಡು ಸಲಾನೂ ಸ್ಕೇಲಿಂಗ್ ಮಾಡಿದ್ರು, ಅರ್ಧ ಗಂಟೆ, ಮೇಲ್ಮೇಲೆ ಕಾಣೋ ಗಾರೆ ಮಾತ್ರ ತೆಗೆದು ಪಾಲಿಶ್ ಹೊಡೆದು ಕನ್ನಡಿ ಕೊಟ್ರು. ಹಲ್ಲು ಫಳಫಳ ಅಂತಿತ್ತು, ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಪಾಕೆಟ್ ಎಷ್ಟು ಆಳ ಇದೆ ಅಂತ ಒಂದು ಸಲಾನೂ ಅಳತೆ ಮಾಡ್ಲಿಲ್ಲ, ಎಕ್ಸ್‌ರೇ ತೆಗೀಲಿಲ್ಲ. ಇನ್ನೊಂದು ಕಡೆ ಹೋದಾಗ ಬಾಯಿ ತೆರೆಸಿ ಒಂದು ನಿಮಿಷ ನೋಡಿ ಇಡೀ ಬಾಯಿಗೆ ಲೇಸರ್ ಪ್ಯಾಕೇಜ್ ಮಾಡಿಸ್ಕೊಳ್ಳಿ ಅಂದ್ರು, ಅವರು ಹೇಳಿದ ರೇಟು ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ರ ಇತ್ತು, ಅಲ್ಲೂ ಅಳತೆ ಇಲ್ಲ. ಮೊದಲನೆಯವರು ಬೇಕಾದ್ದನ್ನ ಮಾಡ್ಲಿಲ್ಲ, ಎರಡನೆಯವರು ಏನು ಬೇಕು ಅಂತ ನೋಡದೇನೇ ಬಿಲ್ ಹೇಳಿದ್ರು. ಎರಡೂ ತಪ್ಪೇ ಅಂತ ನಂಗೆ ಈಗ ಅನ್ಸುತ್ತೆ.

ಕೊನೆಗೆ ಹಾಸನದಲ್ಲಿ ವಸಡಿಗೇ ಓದಿರೋ ಒಬ್ಬ ಡಾಕ್ಟರ್ ಹತ್ರ ಹೋದೆ, ಪೆರಿಯೋಡಾಂಟಿಸ್ಟ್ ಅಂತಾರೆ. ಅವರು ಮೆಷಿನ್ ಮುಟ್ಟಲೇ ಇಲ್ಲ ಮೊದಲು. ತುದಿ ಗುಂಡಗಿರೋ ಒಂದು ತೆಳ್ಳನೆ ಕಡ್ಡಿ ತಗೊಂಡ್ರು, ಅದರ ಮೇಲೆ ಸ್ಕೇಲ್ ತರ ಮಿಲಿಮೀಟರ್ ಗೀಟು. ಅದನ್ನ ಹಲ್ಲಿಗೂ ವಸಡಿಗೂ ಮಧ್ಯೆ ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿಗೆ ಆರು ಕಡೆ ಅಳೆದು, ಪಕ್ಕದಲ್ಲಿ ಬರ್ಕೊಳ್ತಿದ್ದ ಹುಡುಗಿಗೆ ಜೋರಾಗಿ ಹೇಳ್ತಾ ಹೋದ್ರು. ಮೂರು, ಎರಡು, ಮೂರು. ಮೂರು, ಎರಡು, ನಾಲ್ಕು. ದವಡೆ ಹಲ್ಲಿಗೆ ಬಂದಾಗ ಐದು, ನಾಲ್ಕು, ಆರು. ಒಂದು ಕಡೆ ಏಳು ಅಂದ್ರು, ಆ ಹುಡುಗಿ ತಲೆ ಎತ್ತಿ ಏಳಾ ಮೇಡಂ ಅಂತ ಕೇಳಿದ್ಲು, ಹೂಂ ಏಳು, ರಕ್ತಾನೂ ಇದೆ ಬರ್ಕೋ ಅಂದ್ರು. ಅದೇನು ಅಂತ ಗೊತ್ತಿಲ್ಲದೇನೇ ಆ ಏಳು ಕೇಳಿ ನನ್ನ ಎದೆ ಹೊಡ್ಕೊಳ್ತು. ಆಮೇಲೆ ಕೂರಿಸ್ಕೊಂಡು ಹೇಳಿದ್ರು, 3 ಮಿಲಿಮೀಟರ್ ತನಕ ಸರಿ ಇದೆ ಅಂತ ಲೆಕ್ಕ, ಅಷ್ಟು ಆಳಕ್ಕೆ ನಾವು ಮನೇಲಿ ಕ್ಲೀನ್ ಮಾಡ್ಕೊಬಹುದು. 4 ದಾಟಿ ರಕ್ತ ಬರ್ತಿದ್ರೆ ಒಳಗೆ ಬ್ರಷ್ ಹೋಗಲ್ಲ, ಅಲ್ಲಿ ಡೀಪ್ ಕ್ಲೀನಿಂಗ್ ಬೇಕು. 6, 7 ಆಳಕ್ಕೆ ಹೋದ್ರೆ ಡೀಪ್ ಕ್ಲೀನಿಂಗ್ ಆದ ಮೇಲೂ ಉಳ್ಕೊಂಡ ಕಡೆ ವಸಡು ಬಿಡಿಸಿ ಸರ್ಜರಿ ಮಾಡ್ಬೇಕಾಗಬಹುದು. ಎಕ್ಸ್‌ರೇಲಿ ಮೂಳೆ ಎಲ್ಲಿ ಇಳಿದಿದೆ ಅಂತ ಪೆನ್ನಲ್ಲಿ ಗೆರೆ ಎಳೆದು ತೋರಿಸಿದ್ರು. ಎರಡು ಸಲ ಹಲ್ಲು ಕ್ಲೀನ್ ಮಾಡಿಸ್ಕೊಂಡಿದ್ದ ಬಾಯಿ ಇದು.

ಈ ಡೀಪ್ ಕ್ಲೀನಿಂಗ್ ಅಂದ್ರೆ ಹೆಸರು ಕೇಳಿ ಜನ ಹೆದರ್ತಾರೆ, ಅದಕ್ಕೆ ಬಿಡಿಸಿ ಬರೀತೀನಿ. ಡಾಕ್ಟರ್‌ಗಳ ಭಾಷೇಲಿ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್, ಅಂದ್ರೆ ವಸಡಿನ ಒಳಗಿರೋ ಗಾರೆ ತೆಗೆದು ಬೇರನ್ನ ನುಣುಪು ಮಾಡೋದು. ಬಾಯಿನ ನಾಲ್ಕು ಭಾಗ ಮಾಡ್ಕೊಂಡು ನಂಗೆ ಎರಡೆರಡು ಭಾಗ ಎರಡು ಸಿಟಿಂಗ್‌ನಲ್ಲಿ ಮಾಡಿದ್ರು, ಕೆಲವರಿಗೆ ನಾಲ್ಕು ಸಿಟಿಂಗ್ ಮಾಡ್ತಾರಂತೆ. ಮರಗಟ್ಟೋ ಇಂಜೆಕ್ಷನ್ ಕೊಟ್ರು, ಆ ಚುಚ್ಚಿದ್ದೇ ನೋವು, ಆಮೇಲೆ ನೋವಿಲ್ಲ, ತುಟಿ ಮಾತ್ರ ಇನ್ಯಾರದ್ದೋ ಅನ್ನೋ ಹಾಗೆ ದಪ್ಪ ಆಯ್ತು. ಮೊದಲು ಅಲ್ಟ್ರಾಸಾನಿಕ್ ಮೆಷಿನ್, ಸೆಕೆಂಡಿಗೆ ಸಾವಿರಾರು ಸಲ ಅದುರೋ ತುದಿ, ಬಿಸಿ ಆಗದ ಹಾಗೆ ನೀರು ಚಿಮ್ಮುತ್ತಾ ಇರುತ್ತೆ. ಅದಾದ್ಮೇಲೆ ಕೈಯಲ್ಲಿ ಹಿಡಿಯೋ ಕ್ಯೂರೆಟ್ ಅನ್ನೋ ಬಾಗಿದ ಉಪಕರಣ. ನಿಜವಾದ ಕೆಲಸ ಇದರದ್ದೇ ಅನ್ನಿಸ್ತು ನಂಗೆ. ನೋವಿಲ್ಲ ಆದ್ರೆ ಸದ್ದು ದವಡೆ ಮೂಳೆಯಿಂದ್ಲೇ ಕಿವಿಗೆ ಬರುತ್ತೆ, ಕರ ಕರ ಅಂತ ತೆಂಗಿನಕಾಯಿ ಚಿಪ್ಪು ಹೆರೆದ ಹಾಗೆ, ಹೆರೆದೂ ಹೆರೆದೂ ಕೊನೆಗೆ ಆ ಸದ್ದು ನಿಂತು ಜಾರಿದ ಹಾಗೆ ಆಗುತ್ತೆ, ಆಗ ಅವರು ಹಾಂ ಇದು ನುಣುಪಾಯ್ತು ಅಂತ ಪಕ್ಕದ ಹಲ್ಲಿಗೆ ಹೋಗ್ತಾರೆ. ಬಿಳಿ ಬಟ್ಟೆ ಮೇಲೆ ಒರೆಸಿದ್ದನ್ನ ತೋರಿಸಿದ್ರು. ಮೇಲಿನ ಗಾರೆ ಹಳದಿ ಇರುತ್ತೆ ಅಂದ್ಕೊಂಡಿದ್ದೆ, ಒಳಗಿಂದು ಹಾಗಲ್ಲ, ಕಪ್ಪಗೆ, ರಾಗಿ ಕಾಳಿನ ಅರ್ಧದಷ್ಟು, ಬೆರಳಲ್ಲಿ ಒತ್ತಿದ್ರೆ ಮರಳಿನ ಹಾಗೆ ಗಟ್ಟಿ. ಇದು ನನ್ನ ವಸಡಿನೊಳಗೆ ಎಷ್ಟು ವರ್ಷದಿಂದ ಇತ್ತೋ.

ಆಮೇಲಿಂದು ಹೇಳಲೇಬೇಕು, ಯಾಕಂದ್ರೆ ಇಲ್ಲೇ ಜನ ಹೆದರಿ ಇನ್ನೊಬ್ಬರಿಗೆ ಬೇಡ ಅಂತ ಹೇಳೋದು. ಮೊದಲ ವಾರ ತಣ್ಣೀರು ಕುಡಿದ್ರೆ ಝುಂ ಅಂತಿತ್ತು. ಊದಿದ್ದ ವಸಡು ಇಳಿದ ಮೇಲೆ ಹಲ್ಲು ಉದ್ದ ಕಾಣೋಕೆ ಶುರುವಾಯ್ತು, ಹಲ್ಲುಗಳ ಮಧ್ಯೆ ಕಪ್ಪು ಸಂದಿ, ಉಪ್ಪಿಟ್ಟು ತಿಂದ್ರೆ ಸಾಸಿವೆ ಹೋಗಿ ಅಲ್ಲಿ ಕೂತ್ಕೊಳ್ತಿತ್ತು. ಒಂದು ಹಲ್ಲು ಮೊದಲಿಗಿಂತ ಸ್ವಲ್ಪ ಅಲ್ಲಾಡ್ತಾ ಇದೆ ಅನ್ನಿಸ್ತು. ನಮ್ಮತ್ತೆ ನೋಡಿ, ಹೇಳಿದ್ನಲ್ಲಾ ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ, ಕೇಳಿದ್ಯಾ ಅಂದ್ರು. ಹಾಸನ ಜಿಲ್ಲೆ ಪೂರ್ತಿ ಈ ಮಾತಿದೆ, ಚಿಕ್ಕಮಗಳೂರಲ್ಲೂ ಇದೆ, ನಮ್ಮ ತವರು ಕಡೂರು, ಅಲ್ಲೂ ಕೇಳಿದೀನಿ. ಡಾಕ್ಟರ್ ಹತ್ರ ಹೋಗಿ ಅದನ್ನೇ ಕೇಳಿದೆ. ಅವರು ಹೇಳಿದ್ದು ಇಷ್ಟು: ಮೂಳೆ ಹೋಗಿ ಹಲ್ಲು ಸಡಿಲ ಆಗಿ ವರ್ಷ ಆಗಿತ್ತು, ಗಾರೆ ಸಿಮೆಂಟ್ ತರ ಅಕ್ಕಪಕ್ಕದ ಹಲ್ಲಿಗೆ ಅದನ್ನ ಮೆತ್ತಿ ನಿಲ್ಲಿಸಿತ್ತು, ಸಿಮೆಂಟ್ ತೆಗೆದಾಗ ಸಡಿಲ ಇದ್ದಿದ್ದು ಗೊತ್ತಾಯ್ತು. ಸಂದಿ ಕೂಡ ಮೊದಲೇ ಇತ್ತು, ಊತ ಅದನ್ನ ಮುಚ್ಚಿತ್ತು. ವಸಡು ಗಟ್ಟಿ ಆದ ಹಾಗೆ ಸುಮಾರು ಹಲ್ಲು ಬಿಗಿ ಆಗುತ್ತೆ ನೋಡ್ತಿರಿ ಅಂದ್ರು. ಹಾಗೇ ಆಯ್ತು.

ಎರಡು ವಾರ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ರು, ಎರಡು ವಾರ ಅಂದ್ರೆ ಎರಡೇ ವಾರ, ಜಾಸ್ತಿ ದಿನ ಹಾಕಿದ್ರೆ ಹಲ್ಲಿಗೆ ಕಂದು ಕಲೆ ಬರುತ್ತೆ ನಾಲಿಗೆ ರುಚಿ ಕೆಡುತ್ತೆ. ನಮ್ಮಲ್ಲಿ ಒಂದು ಸಲ ಬರೆದುಕೊಟ್ಟ ಬಾಟಲಿನ ಮೆಡಿಕಲ್ ಸ್ಟೋರಲ್ಲಿ ತಗೊಂಡು ತಗೊಂಡು ವರ್ಷಗಟ್ಟಲೆ ಹಾಕೋರಿದಾರೆ, ದಯವಿಟ್ಟು ಬೇಡ. ಸಂದಿಗಳಿಗೆ ಬಾಟಲಿ ಬ್ರಷ್ ತರ ಇರೋ ಪುಟಾಣಿ ಬ್ರಷ್ ಕೊಟ್ರು, ದಿನಾ ರಾತ್ರಿ ಹಾಕ್ತೀನಿ. ಹಲ್ಲುಜ್ಜೋ ಬ್ರಷ್‌ನ ಓರೆಯಾಗಿ ವಸಡಿನ ಅಂಚಿಗೆ ಹಿಡಿಯೋದು ಹೇಳಿಕೊಟ್ರು, ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಹಲ್ಲುಜ್ಜಿ ಅಂತ ಹೇಳ್ತಾ ಬಂದೋಳಿಗೆ ಇದು ಗೊತ್ತಿರ್ಲಿಲ್ಲ. ಆರು ವಾರ ಬಿಟ್ಟು ಮತ್ತೆ ಅಳೆದ್ರು. ಆರು ಇದ್ದಿದ್ದು ನಾಲ್ಕು, ಐದು ಇದ್ದಿದ್ದು ಮೂರು. ರಕ್ತ ಬರೋ ಜಾಗ ಬೆರಳಲ್ಲಿ ಎಣಿಸೋಷ್ಟು. ಏಳು ಮಾತ್ರ ಆರಕ್ಕೆ ನಿಂತಿದೆ, ಅದಕ್ಕೆ ಸಣ್ಣ ಸರ್ಜರಿ ಬೇಕಾಗುತ್ತೆ ಅಂದಿದಾರೆ, ಮಾಡಿಸ್ಕೊಳ್ತೀನಿ. ಮೂರು ತಿಂಗಳಿಗೊಂದು ಸಲ ಹೋಗಿ ತೋರಿಸ್ಬೇಕು, ಒಂದು ಸಲ ಮಾಡಿಸಿದ್ರೆ ಜೀವಮಾನಕ್ಕೆ ಮುಗೀತು ಅನ್ನೋ ಹಾಗಿಲ್ಲ.

ಈಗ ನಿಮ್ಮ ಸಕ್ಕರೆ ಕಾಯಿಲೆ ಲೇಖನಕ್ಕೆ ಬರ್ತೀನಿ. ನನ್ನ ಅಮ್ಮನಿಗೆ 71, ಶುಗರ್ ಬಂದು ಹದಿನಾರು ವರ್ಷ. ಎಲೆ ಅಡಿಕೆ ಸುಣ್ಣ ಬಿಟ್ಟಿಲ್ಲ, ಎಲೆ ಅಡಿಕೆ ಹಾಕೋರಿಗೆ ಗಾರೆನೂ ಜಾಸ್ತಿ ಕಟ್ಟುತ್ತೆ. ಕೆಳಗಡೆ ಮುಂದಿನ ನಾಲ್ಕು ಹಲ್ಲು ಒಂದಾದ ಮೇಲೊಂದು ಬಿತ್ತು, ಒಂದು ಹಲ್ಲಂತೂ ರೊಟ್ಟಿ ತಿನ್ನುವಾಗ ನೋವೇ ಇಲ್ದೆ ಕೈಗೆ ಬಂತಂತೆ, ಸೀರೆ ಸೆರಗಿಗೆ ಒರೆಸಿ ನಂಗೆ ತೋರಿಸಿದ್ರು, ಹುಳುಕಿಲ್ಲ ಏನಿಲ್ಲ, ಪೂರ್ತಿ ಬೇರು ಸಮೇತ ಗಟ್ಟಿಮುಟ್ಟಾದ ಹಲ್ಲು. ವಯಸ್ಸಾಯ್ತಲ್ಲ ಬಿಡು ಅಂದ್ರು, ನಾನೂ ಹೂಂ ಅಂದೆ. ಅದು ವಯಸ್ಸಲ್ಲ ಅಂತ ಆವತ್ತು ನಂಗೆ ಗೊತ್ತಿದ್ದಿದ್ರೆ. ನಾನು ಮೇಲೆ ಹೇಳಿದ ಲೋ ಅವರೇ 1993ರಲ್ಲಿ ವಸಡಿನ ಕಾಯಿಲೆನ ಸಕ್ಕರೆ ಕಾಯಿಲೆಯ ಆರನೇ ತೊಡಕು ಅಂತ ಬರೆದಿದ್ರು, ಕಣ್ಣು ಕಿಡ್ನಿ ನರದ ಸಾಲಲ್ಲೇ. ಶುಗರ್ ಹದ್ದುಬಸ್ತಿಲ್ಲದೆ ಇದ್ರೆ ವಸಡಿನ ಕಾಯಿಲೆ ಜೋರಾಗುತ್ತೆ, ವಸಡಲ್ಲಿ ಸೋಂಕು ಇದ್ರೆ ಶುಗರ್ ಇಳಿಯೋಕೆ ಕಷ್ಟ, ಎರಡೂ ಕಡೆಯಿಂದ ಹೊಡೆತ. ವಸಡಿನ ಚಿಕಿತ್ಸೆ ಆದ ಮೂರ್ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಶುಗರ್ ಒಟ್ಟಾರೆ ಹೇಗಿತ್ತು ಅಂತ ತೋರಿಸೋ ಟೆಸ್ಟಿನ ನಂಬರ್, ಸರಾಸರಿ ಶೇಕಡಾ 0.4 ಅಂಶದ ಹತ್ರ ಇಳಿಯುತ್ತೆ ಅಂತ ಸುಮಾರು ಅಧ್ಯಯನ ಒಟ್ಟು ಮಾಡಿ ನೋಡಿ ಹೇಳಿದಾರೆ. ಹಾಗಂತ ಶುಗರ್ ಮಾತ್ರೆ ಬಿಡೋ ಹಾಗಿಲ್ಲ, ಮಾತ್ರೆ ಜೊತೆಗೆ ಇದೂ ಆಗ್ಬೇಕು. ಹಾಗೇ ಬೀಡಿ ಸಿಗರೇಟ್ ಸೇದೋರು ಒಂದು ವಿಷ್ಯ ತಿಳ್ಕೊಳ್ಳಿ, ಸೇದೋರ ವಸಡಲ್ಲಿ ರಕ್ತನೇ ಸರಿಯಾಗಿ ಬರಲ್ಲ, ಹಾಗಾಗಿ ಕಾಯಿಲೆ ಒಳಗೊಳಗೇ ಜೋರಾಗಿದ್ರೂ ಗೊತ್ತಾಗಲ್ಲ, ರಕ್ತ ಬರ್ತಿಲ್ಲ ಅಂತ ಧೈರ್ಯ ಬೇಡ.

ನಮ್ಮ ಹಳ್ಳೀಲಿ ಓದು ಬರದೇ ಇರೋ ಅಜ್ಜಿನ ಕೇಳಿದ್ರೂ ಊಟಕ್ಕೆ ಮುಂಚೆ ಇಷ್ಟು ಊಟ ಆದ್ಮೇಲೆ ಇಷ್ಟು ಅಂತ ಶುಗರ್ ನಂಬರ್ ಹೇಳ್ತಾರೆ, ಬಿಪಿ ಎಷ್ಟು ಅಂತ ಹೇಳ್ತಾರೆ. ಯಾಕಂದ್ರೆ ಚೆಕ್ ಮಾಡಿದೋರು ನಂಬರ್ ಬಾಯಿಬಿಟ್ಟು ಹೇಳಿದಾರೆ, ಚೀಟೀಲಿ ಬರೆದುಕೊಟ್ಟಿದಾರೆ. ವಸಡಿಗೂ ನಂಬರ್ ಇದೆ ಅನ್ನೋದೇ ನಮಗೆ ಯಾರೂ ಹೇಳ್ಲಿಲ್ಲ. ನಾನು ಕೇಳ್ತಿರೋದು ಅಷ್ಟೇ. ಹಲ್ಲಿನ ಡಾಕ್ಟರ್ ಹತ್ರ ಹೋದಾಗ ನನ್ನ ಪಾಕೆಟ್ ಅಳತೆ ಎಷ್ಟು, ಬರೆದುಕೊಡಿ ಅಂತ ಕೇಳಿ. ಅಳತೆ ಮಾಡದೆ ಬರೀ ಸ್ಕೇಲಿಂಗ್ ಸಾಕು ಅಂದ್ರೂ ನಂಬಬೇಡಿ, ಅಳತೆ ಮಾಡದೆ ಇಡೀ ಬಾಯಿಗೆ ಡೀಪ್ ಕ್ಲೀನಿಂಗ್ ಬೇಕು ಅಂದ್ರೂ ನಂಬಬೇಡಿ, ಮೂರರೊಳಗೆ ಇರೋ ಕಡೆಗೆ ಅದು ಬೇಕಾಗಲ್ಲ. ರಕ್ತ ತೆಳ್ಳಗೆ ಮಾಡೋ ಮಾತ್ರೆ, ಮೂಳೆ ಸವೆತಕ್ಕೆ ಇಂಜೆಕ್ಷನ್ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ. ಖರ್ಚಿನ ಚಿಂತೆ ಇರೋರಿಗೆ ಹಾಸನದಲ್ಲಿ ಶ್ರೀ ಹಾಸನಾಂಬ ದಂತ ಕಾಲೇಜಿದೆ, ದಂತ ಕಾಲೇಜು ಅಂದ್ಮೇಲೆ ವಸಡಿಗೇ ಬೇರೆ ವಿಭಾಗ ಇರುತ್ತೆ, ಸಾಮಾನ್ಯವಾಗಿ ಹೊರಗಿಗಿಂತ ಕಮ್ಮೀಲಿ ಆಗುತ್ತೆ, ಸ್ವಲ್ಪ ಹೊತ್ತು ಜಾಸ್ತಿ ಕೂರ್ಬೇಕಾಗಬಹುದು.

ಇನ್ನು ಸರ್ಕಾರಕ್ಕೆ ಒಂದು ಕೋರಿಕೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲು ಪೂರ್ತಿ ಹೋದ ಮೇಲೆ ಹಲ್ಲಿನ ಸೆಟ್ ಉಚಿತವಾಗಿ ಕೊಡೋಕೆ ದಂತಭಾಗ್ಯ ಅಂತ ಯೋಜನೆ ತಂದ್ರಿ, ಒಳ್ಳೇದು, ನಮ್ಮೂರಲ್ಲಿ ಸೆಟ್ ಹಾಕ್ಸ್ಕೊಂಡು ಮತ್ತೆ ಮುದ್ದೆ ಬಿಟ್ಟು ರೊಟ್ಟಿ ತಿನ್ನೋ ಹಾಗಾದೋರಿದಾರೆ. ಆದ್ರೆ ಹಲ್ಲು ಹೋಗೋಕೆ ಮುಂಚೆ? ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ಶುಗರ್‌ಗೆ ಅಂತ ಪ್ರತ್ಯೇಕ ಎನ್‌ಸಿಡಿ ಕ್ಲಿನಿಕ್ ಇರುತ್ತೆ, ಹಲ್ಲಿನ ಡಾಕ್ಟರ್‌ದೂ ರೂಮ್ ಇರುತ್ತೆ, ಶುಗರ್ ಇರೋರು ತಿಂಗಳು ತಿಂಗಳು ಮಾತ್ರೆಗೆ ಹೇಗೂ ಬಂದೇ ಬರ್ತಾರೆ. ಅವರನ್ನ ವರ್ಷಕ್ಕೆ ಒಂದು ಸಲ ಆ ರೂಮಿಗೆ ಕಳಿಸಿ, ಆ ಕಡ್ಡೀಲಿ ಅಳತೆ ಮಾಡಿಸಿ, ಶುಗರ್ ಪುಸ್ತಕದಲ್ಲೇ ವಸಡಿನ ನಂಬರ್‌ಗೆ ಒಂದು ಕಾಲಂ ಮಾಡಿ ಬರೀರಿ. ನಮ್ಮ ಜನ ಹಲ್ಲಿನ ಡಾಕ್ಟರ್ ಹತ್ರ ಹೋಗೋದು ಕೀಳಿಸೋಕೆ ಮಾತ್ರ ಅಂತ ಆಗೋಗಿದೆ, ಕಳಿಸದೇ ಇದ್ರೆ ಅವರಾಗೇ ಹೋಗಲ್ಲ, ನೋವೇ ಇಲ್ಲದ ಕಾಯಿಲೆಗೆ ಯಾರು ತಾನೇ ಕೂಲಿ ಬಿಟ್ಟು ಬರ್ತಾರೆ ಹೇಳಿ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಅಮ್ಮನ್ನ ಹಾಸನಕ್ಕೆ ಕರ್ಕೊಂಡು ಹೋಗ್ತಿದೀನಿ. ಇನ್ನೂ ಇಪ್ಪತ್ತೊಂದು ಹಲ್ಲಿದೆ, ನಿನ್ನೆ ರಾತ್ರಿ ಟಾರ್ಚ್ ಹಿಡಿದು ನಾನೇ ಎಣಿಸಿದೆ.

ಇಂತಿ,
ಒಬ್ಬ ಶಿಕ್ಷಕಿ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ